ಪಟ್ಟಿ ಹಿಡಿದು ವಾರ್ಡು ಗೆದ್ದದ್ದು: ನನ್ನ ಅನುಭವ

2013ರ ಮಾರ್ಚ್‌ನಲ್ಲಿ ಮಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದಾಗ ಗಾಳಿ ಪೂರಾ ನಮ್ಮ ಪಕ್ಷದ ಕಡೆಗಿತ್ತು. 60 ವಾರ್ಡುಗಳಲ್ಲಿ 35 ನಮ್ಮ ಪಾಲಾದವು. ನಾನು ಓಡಾಡಿದ ವಾರ್ಡು ಮಾತ್ರ ಮೂವತ್ತೋ ನಲವತ್ತೋ ಮತಗಳಿಂದ ಕೈತಪ್ಪಿತು. 2019ರ ನವೆಂಬರ್‌ನಲ್ಲಿ ಎದುರು ಪಕ್ಷದವರು 44 ಸ್ಥಾನಗಳನ್ನು ಬಾಚಿಕೊಂಡಾಗ ಅದೇ ವಾರ್ಡನ್ನು ನಾವು ಗೆದ್ದೆವು. ಹೀಗೆ ತಿರುವುಮುರುವಾದದ್ದು ಅದೃಷ್ಟದಿಂದ ಎನ್ನುವವರು ಈಗಲೂ ಇದ್ದಾರೆ. ಮತದಾರರ ಪಟ್ಟಿ ಹಿಡಿದು ತಿರುಗುತ್ತೇನೆಂದು ಬೆನ್ನ ಹಿಂದೆ ನನ್ನನ್ನು ‘ಪಟ್ಟಿ ಮಾಸ್ಟ್ರು’ ಎಂದು ಕರೆಯುತ್ತಿದ್ದವರೂ ಅವರೇ ಆದ್ದರಿಂದ, ನಡೆದದ್ದನ್ನು ಒಮ್ಮೆ ಬರೆದಿಡುವುದು ಒಳ್ಳೆಯದು ಎನಿಸಿತು. ವಾರ್ಡಿನ ಹೆಸರು ಬೇಡ.

2013ರಲ್ಲಿ ನಾವು ಎರಡು ಲಕ್ಷದ ಹತ್ತಿರ ಖರ್ಚು ಮಾಡಿದ್ದೆವು. ಫ್ಲೆಕ್ಸ್, ಮೈಕ್ ಕಟ್ಟಿದ ರಿಕ್ಷಾ, ಹುಡುಗರಿಗೆ ಎರಡು ಹೊತ್ತಿನ ಊಟ, ಹೀಗೆ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಸೋತ ಮರುವಾರ ಜಗಲಿಯಲ್ಲಿ ಕುಳಿತು ಏಳೂ ಮತಗಟ್ಟೆಗಳ ಪಟ್ಟಿಯನ್ನು ಮೊದಲ ಸಲ ಸಾಲುಸಾಲಾಗಿ ಓದಿದಾಗ ತೋಡಿನ (ಸಣ್ಣ ಹಳ್ಳದ) ಆಚೆ ಬದಿಯ ಓಣಿ ಅದರಲ್ಲಿ ಇರಲೇ ಇಲ್ಲ. ಇಪ್ಪತ್ತೆರಡು ಮನೆಗಳು, ಸುಮಾರು ಎಂಬತ್ತು ಮತಗಳು, ಪಕ್ಕದ ವಾರ್ಡಿನ ಪಟ್ಟಿಯಲ್ಲಿ ತಣ್ಣಗೆ ಕುಳಿತಿದ್ದವು. ಆ ಓಣಿಯಲ್ಲಿ ನಾವು ಮೂರು ಸಲ ಕೈಮುಗಿದು ಬಂದಿದ್ದೆವು. ತೀರಿಹೋಗಿ ನಾಲ್ಕು ವರ್ಷವಾಗಿದ್ದ ನನ್ನ ಮಾವನವರ ಹೆಸರು ಮಾತ್ರ ಭಾವಚಿತ್ರದ ಸಮೇತ ನಮ್ಮ ವಾರ್ಡಿನಲ್ಲೇ ಭದ್ರವಾಗಿತ್ತು.

ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನು ಗಡಿಗೆ ತಕ್ಕಂತೆ ಕತ್ತರಿಸಿ ಎಂಬುದು ನಿಮಗೆಲ್ಲ ತಿಳಿದದ್ದೇ. ಆದರೂ ಕರಡು ಪಟ್ಟಿ ಹೊರಬಿದ್ದ ಮೇಲೆ ಅರ್ಜಿ ಹಿಡಿದು ಪಾಲಿಕೆ ಕಚೇರಿಯಿರುವ ಲಾಲ್‌ಬಾಗ್‌ಗೆ ಓಡುವವರೇ ನಮ್ಮಲ್ಲಿ ಹೆಚ್ಚು. ಮೂಲ ಪಟ್ಟಿಯಲ್ಲೇ ತಿದ್ದಿಸಲು ನಾನು 2017ರಿಂದಲೇ ಶುರು ಮಾಡಿದೆ. ಹೊಸಬರಿಗೆ ನಮೂನೆ 6, ಸತ್ತವರಿಗೂ ಹೋದವರಿಗೂ 7, ತಿದ್ದುಪಡಿಗೆ 8. ಮೊದಲ ಕಂತಿನಲ್ಲಿ ಕೊಟ್ಟ ಅರ್ಜಿಗಳಲ್ಲಿ ಅರ್ಧದಷ್ಟು ತಿರಸ್ಕೃತವಾದವು. ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿರಲಿಲ್ಲ ಎಂಬುದು ಒಂದು ಕಾರಣ, ಹುಡುಗರು ಪಟ್ಟಿಯ ಭಾಗಸಂಖ್ಯೆಯನ್ನು ತಪ್ಪಾಗಿ ತುಂಬಿದ್ದು ಇನ್ನೊಂದು. ತೋಡಿನ ಓಣಿಯನ್ನು ಮರಳಿ ತರಲು ಕೈಯಲ್ಲಿ ಬರೆದ ನಕ್ಷೆಯೊಂದಿಗೆ ಕಚೇರಿಯ ಮೆಟ್ಟಿಲನ್ನು ಹತ್ತು ಸಲವಾದರೂ ಹತ್ತಿದ್ದೇನೆ.

ಮುಖ್ಯ ಕೆಲಸ ಅದಲ್ಲ. ಪಟ್ಟಿಯನ್ನು ಕ್ರಮಸಂಖ್ಯೆಯಿಂದ ಬಿಡಿಸಿ, ಕಾಲ್ನಡಿಗೆಯ ದಾರಿಗೆ ಸರಿಯಾಗಿ ಮತ್ತೆ ಬರೆಯಬೇಕು. ನಮ್ಮ ಊರಿನ ಏರುತಗ್ಗಿನಲ್ಲಿ ಬಾಗಿಲು ಸಂಖ್ಯೆಯನ್ನು ನಂಬಿ ಹೊರಟರೆ ಒಂದೇ ಗುಡ್ಡವನ್ನು ಮೂರು ಸಲ ಹತ್ತಿ ಇಳಿಯಬೇಕಾಗುತ್ತದೆ. ನಾನು ಗೇಟಿನಿಂದ ಗೇಟಿಗೆ ಬರೆದೆ, ಒಂದು ಹಾಳೆಗೆ ಹದಿನೈದು ಮನೆ. ಮುಂಬಯಿಯಲ್ಲಿರುವವರಿಗೆ ನೀಲಿ, ಗಲ್ಫಿನವರಿಗೆ ಹಸಿರು, ಮದುವೆಯಾಗಿ ಹೋದವರಿಗೂ ಬಾಡಿಗೆ ಮನೆ ಬಿಟ್ಟವರಿಗೂ ಪೆನ್ಸಿಲ್, ತೀರಿಕೊಂಡವರಿಗೆ ಕಪ್ಪು ಗೆರೆ. ಆರು ಸಾವಿರದ ಮುನ್ನೂರರಷ್ಟು ಹೆಸರುಗಳಲ್ಲಿ ಸುಮಾರು ಸಾವಿರ ಮಂದಿ ಊರಿನಲ್ಲೇ ಇರಲಿಲ್ಲ. ಅಂದರೆ ನಾವು ಗೆಲ್ಲಬೇಕಾದ ವಾರ್ಡು ಐದು ಸಾವಿರದ ಮುನ್ನೂರರದ್ದು. ಈ ಒಂದು ಲೆಕ್ಕ ಕೈಯಲ್ಲಿಲ್ಲದೆ ಗೆಲುವಿನ ಅಂತರವನ್ನು ಊಹಿಸುವವರೊಂದಿಗೆ ನಾನು ಈಗ ವಾದಕ್ಕೇ ಇಳಿಯುವುದಿಲ್ಲ.

ಹೆಸರುಗಳನ್ನು ಖಚಿತಪಡಿಸಿಕೊಳ್ಳಲು ಮನೆ ಬಾಗಿಲಿಗಿಂತ ಬೀಡಿ ಬ್ರ್ಯಾಂಚು ಒಳ್ಳೆಯದು. ಕಟ್ಟಿದ ಬೀಡಿ ಒಪ್ಪಿಸಲು ಸಾಲು ನಿಂತ ಹೆಂಗಸರು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ನಮ್ಮ ಹುಡುಗರು ಎರಡು ವಾರ ತಿರುಗಿದರೂ ತಂದಿರಲಿಲ್ಲ. ಫ್ಲ್ಯಾಟುಗಳ ಮಾಹಿತಿ ನನಗೆ ಎಲ್ಲಿಂದ ಸಿಕ್ಕಿತು ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಮುಂದಿನ ಚುನಾವಣೆ ಇನ್ನೂ ಬಾಕಿ ಇದೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಮತದಾರರ ಚೀಟಿಯ ಹಿಂಬದಿಯಲ್ಲಿ 2020ರ ಕ್ಯಾಲೆಂಡರ್ ಅಚ್ಚು ಹಾಕಿಸಿದ್ದಕ್ಕೆ ಏಳು ಸಾವಿರ ಹೋಯಿತು. ಮನೆಮನೆಯ ಫ್ರಿಜ್ಜಿನ ಮೇಲೆ ಅದು ಚೆನ್ನಾಗಿ ಅಂಟಿಕೊಂಡಿತು, ಮತಗಟ್ಟೆಗೆ ಬರುವಾಗ ಯಾರ ಕೈಯಲ್ಲೂ ಚೀಟಿ ಇರಲಿಲ್ಲ. ನೀಲಿ ಗುರುತಿನ ನಲವತ್ತು ಮಂದಿಗೆ ಮುಂಬಯಿ ವಿಳಾಸಕ್ಕೆ ಕಾಗದ ಬರೆದೆ. ಬಂದವರು ಮೂವರು, ಅವರಲ್ಲೊಬ್ಬರು ಕುಟುಂಬದ ಮನೆಯ ದೈವದ ನೇಮಕ್ಕೆಂದು ಹೇಗೂ ಹೊರಟಿದ್ದವರು. ಫಲ ಕೊಟ್ಟದ್ದು ಲೋಕಸಭಾ ಚುನಾವಣೆಯ ದಿನ, 2019ರ ಏಪ್ರಿಲ್ 18ರಂದು, ಎರಡು ಮತಗಟ್ಟೆಗಳಲ್ಲಿ ಮಾಡಿದ ತಾಲೀಮು. ಆ ದಿನ ಯಾರು ಬಂದರು, ಯಾರು ಬರಲಿಲ್ಲ ಎಂದು ನಮ್ಮ ಹಾಳೆಗಳಲ್ಲಿ ಗುರುತು ಹಾಕಿದ್ದರಿಂದ ಸೋಮಾರಿಗಳ ಹೆಸರುಗಳೆಲ್ಲ ಮೊದಲೇ ಕೈಗೆ ಬಂದವು.

ಅಷ್ಟರಲ್ಲಿ ಮೀಸಲಾತಿ ಪಟ್ಟಿಯಲ್ಲಿ ವಾರ್ಡು ಮಹಿಳೆಯರ ಪಾಲಾಗಿ, ಎರಡು ವರ್ಷದಿಂದ ಸಿದ್ಧತೆ ನಡೆಸಿದ್ದ ನಮ್ಮ ಅಭ್ಯರ್ಥಿ ಮನೆಯಲ್ಲೇ ಉಳಿಯಬೇಕಾಯಿತು. ಪಕ್ಷದ ಹಿರಿಯರೊಬ್ಬರು, “ಎಂತ ಮಾರಾಯ್ರೇ, ಈಗ ನಿಮ್ಮ ಪಟ್ಟಿಯನ್ನು ಉಪ್ಪು ಹಾಕಿ ಇಡ್ತೀರಾ?” ಎಂದು ನಕ್ಕರು. ಟಿಕೆಟ್ ಸಿಕ್ಕಿದ ಅಕ್ಕ ನನ್ನ ಮನೆಗೆ ಬಂದು ಹಾಳೆಗಳನ್ನು ತಿರುವಿ ಹಾಕಿ, “ನನ್ನ ಅತ್ತೆಯ ಮನೆಯವರಿಗೆ ಪೆನ್ಸಿಲ್ ಯಾಕೆ ಮಾಸ್ಟ್ರೇ? ಅವರು ಮೊನ್ನೆಯೇ ವಾಪಸು ಬಂದಿದ್ದಾರಲ್ಲ!” ಎಂದರು. ಇವರಿಂದ ಕೆಲಸವಾಗುತ್ತದೆ ಎಂದು ನನಗೆ ಆಗಲೇ ಅನಿಸಿತು.

ಪ್ರಚಾರಕ್ಕೆ ಒಂದೊಂದು ಹಾಳೆಯನ್ನು ಇಬ್ಬರು ಹೆಂಗಸರಿಗೆ ಒಪ್ಪಿಸಿದೆವು. ತುಳು ಮನೆಗೆ ತುಳು, ಕೊಂಕಣಿ ಮನೆಗೆ ಕೊಂಕಣಿ, ಬ್ಯಾರಿ ಮನೆಗೆ ಬ್ಯಾರಿ ಆಡುವವರೇ ಹೋಗಬೇಕೆಂಬುದು ಕಟ್ಟುನಿಟ್ಟು. ಮತದಾನಕ್ಕೆ ಮೂರು ದಿನ ಉಳಿದಿದ್ದಾಗ, ನವೆಂಬರ್ 9ರಂದು, ಅಯೋಧ್ಯೆಯ ತೀರ್ಪು ಬಂದುದರಿಂದ ಆ ದಿನ ಯಾರೂ ಹೊರಡುವುದು ಬೇಡ ಎಂದು ನಾನೇ ತಡೆದೆ; ಎರಡು ಹಾಳೆಗಳು ಕೊನೆಯವರೆಗೂ ಹಾಗೆಯೇ ಉಳಿದವು.

12ರಂದು ಮಂಗಳವಾರ ಮತದಾನ. ಪ್ರತಿ ಮತಗಟ್ಟೆಯಿಂದ ನಿಯಮದಷ್ಟು ದೂರದಲ್ಲಿ ಮೇಜು ಹಾಕಿ, ಕ್ರಮಸಂಖ್ಯೆ ಕೇಳಲು ಬಂದವರ ಹೆಸರಿಗೆ ಗುರುತು ಹಾಕುತ್ತಾ ಹೋದೆವು. ಮೇಜಿಗೆ ಬಾರದೆ ನೇರ ಹೋದವರನ್ನು ಹೇಗೆ ಗುರುತಿಸಿದೆವು ಎಂಬುದೂ ನನ್ನಲ್ಲೇ ಇರಲಿ, ನಿಯಮ ಮೀರಲಿಲ್ಲ ಎಂದಷ್ಟೇ ಹೇಳುತ್ತೇನೆ. ಮಧ್ಯಾಹ್ನ ಊಟದ ಹೊತ್ತು ಕಳೆದಾಗ ನಮ್ಮವರೆಂದು ಎಣಿಸಿದವರಲ್ಲಿ ನಾನೂರರಷ್ಟು ಮಂದಿ ಬಂದಿರಲಿಲ್ಲ. ಗಾಡಿ ಕಳುಹಿಸುವಂತಿಲ್ಲ, ಕಳುಹಿಸಲೂ ಇಲ್ಲ. ಆಗಲೇ ಮತ ಹಾಕಿ ಬಂದಿದ್ದ ಪಕ್ಕದ ಮನೆಯವರನ್ನೇ ಒಬ್ಬೊಬ್ಬರ ಬಾಗಿಲಿಗೆ ಕಳುಹಿಸಿದೆವು. ಸಂಜೆಯೊಳಗೆ ನೂರೈವತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ಬಂದರು. 14ರಂದು ಎಣಿಕೆಯಾದಾಗ ನಮ್ಮ ಅಂತರ ನೂರಿಪ್ಪತ್ತರ ಒಳಗೆ.

ಇಡೀ ನಗರದಲ್ಲಿ ಶೇ. 60ರ ಆಸುಪಾಸು ಮತದಾನವಾಗಿತ್ತು. ನಮ್ಮಲ್ಲಿ ಶೇ. 63 ಇರಬೇಕು, ಊರಿನಲ್ಲಿ ಇರುವವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 75ರ ಹತ್ತಿರ. ವೆಚ್ಚದ ಮಿತಿ 3 ಲಕ್ಷ ಇದ್ದರೂ ನಮ್ಮ ಖರ್ಚು ಒಂದು ಲಕ್ಷ ಹತ್ತು ಸಾವಿರವನ್ನು ದಾಟಲಿಲ್ಲ. ಅದರಲ್ಲಿ ಝೆರಾಕ್ಸಿಗೆ ಒಂಬತ್ತು ಸಾವಿರ; ಚಹಾ ಮತ್ತು ಗೋಳಿಬಜೆಗೆ ಅದಕ್ಕಿಂತ ಹೆಚ್ಚು.

2025ರ ಫೆಬ್ರುವರಿಯಲ್ಲಿ ಆ ಪಾಲಿಕೆ ಪರಿಷತ್ತಿನ ಅವಧಿ ಮುಗಿಯಿತು. ನಾನು ಹಾಳೆಗಳನ್ನು ಮತ್ತೆ ಬರೆಯುತ್ತಿದ್ದೇನೆ. ತೋಡಿನ ಓಣಿಯ ಎರಡು ಹಿತ್ತಿಲುಗಳು ಸೇರಿ ಈಗ ಹನ್ನೆರಡು ಮಹಡಿಯ ಕಟ್ಟಡವಾಗಿದೆ. ಅದರ ಗೇಟಿನ ಕಾವಲುಗಾರ ನನ್ನನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದ್ದಾನೆ, ಬರುವ ಭಾನುವಾರ ಮೂರನೆಯ ಸಲ ಹೋಗಬೇಕು.