ಬೆಂಗಳೂರಿನ ಒಳಗೋ, ಹೊರವಲಯವೋ: ಮನೆಮಂದಿ ಕೂಡಿ ತೀರ್ಮಾನಿಸುವ ಬಗೆ

ನಗರದ ನಡುವೆ ಇಕ್ಕಟ್ಟಾದ ಮನೆಯಲ್ಲಿರುವುದು ಒಳ್ಳೆಯದೋ, ಹೊರವಲಯದಲ್ಲಿ ವಿಶಾಲವಾದ ಮನೆ ಹಿಡಿಯುವುದು ಒಳ್ಳೆಯದೋ ಎಂಬ ಚರ್ಚೆ ಬೆಂಗಳೂರಿನ ಬಹಳಷ್ಟು ಕುಟುಂಬಗಳಲ್ಲಿ ನಡೆಯುತ್ತದೆ, ಮತ್ತು ಬಹಳಷ್ಟು ಬಾರಿ ಯಾವ ದಡವನ್ನೂ ಮುಟ್ಟದೆ ನಿಲ್ಲುತ್ತದೆ. ಒಬ್ಬರು ಬಾಡಿಗೆಯ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಗಾಳಿ ಬೆಳಕಿನ ಮಾತು ತೆಗೆಯುತ್ತಾರೆ, ಮತ್ತೊಬ್ಬರಿಗೆ ಮಗುವಿನ ಶಾಲೆಯೇ ಮುಖ್ಯ. ಎಲ್ಲರ ಮಾತೂ ಸರಿಯೇ ಆಗಿರುವುದರಿಂದ ಯಾರೂ ಸೋಲುವುದಿಲ್ಲ, ಕೊನೆಗೆ ಯಾರ ಹೆಸರಿನಲ್ಲಿ ಸಾಲ ಮಂಜೂರಾಗುತ್ತದೆಯೋ ಅವರ ಮಾತು ನಡೆಯುತ್ತದೆ. ಯಾವುದು ಮೇಲು ಎಂಬ ತೀರ್ಪನ್ನು ಇಲ್ಲಿ ಕೊಡುವುದಿಲ್ಲ. ಚರ್ಚೆಯನ್ನು ಯಾವ ಕ್ರಮದಲ್ಲಿ ನಡೆಸಿದರೆ ಅದು ಒಂದು ನಿರ್ಧಾರಕ್ಕೆ ಬರುತ್ತದೆ ಎಂಬುದನ್ನು ಮಾತ್ರ ವಿವರಿಸಲಾಗಿದೆ. ಒಂದು ಪಕ್ಷಪಾತವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ವಾಹನ ಓಡಿಸದವರು ಯಾರೋ ಅವರ ಮಾತಿಗೆ ಹೆಚ್ಚಿನ ತೂಕ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ‘ಹೊರಗೆ’ ಎಂಬುದನ್ನು ಮೊದಲು ಹೇಳಿ

ಬೆಂಗಳೂರಿನ ಎಲ್ಲೆ ಸರಿಯುತ್ತಲೇ ಬಂದಿದೆ. 1898ರ ಪ್ಲೇಗಿನ ಹೊತ್ತಿನಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಆಚೆಗೆ ಕರೆತರಲು ರೂಪುಗೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಅಂದಿನ ಹೊರವಲಯಗಳೇ ಆಗಿದ್ದವು. 1948ರಲ್ಲಿ ಆರಂಭವಾದ ಜಯನಗರವೂ ಅಂದಿನವರ ಕಣ್ಣಿಗೆ ಊರಾಚೆಯೇ. 2007ರಲ್ಲಿ ಯಲಹಂಕ, ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿ ಮೊದಲಾದ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಪಾಲಿಕೆಯೊಳಗೆ ಸೇರಿದವು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಒಂದೇ ಪಾಲಿಕೆ ಐದಾಯಿತು. ಆದ್ದರಿಂದ ವಿಳಾಸದಲ್ಲಿ ಬೆಂಗಳೂರು ಎಂದಿದೆಯೇ ಇಲ್ಲವೇ ಎಂಬುದರಿಂದ ಅಲ್ಲಿನ ಬದುಕಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಹೊರವಲಯದಲ್ಲಿ ಮೂರು ಬಗೆಗಳಿವೆ. ಮೊದಲನೆಯದು ತನ್ನದೇ ಸಂತೆ, ಬಸ್ ನಿಲ್ದಾಣ, ಆಸ್ಪತ್ರೆ, ಹಳೆಯ ಶಾಲೆಗಳಿರುವ ಊರುಗಳು: ಯಲಹಂಕ, ಕೆಂಗೇರಿ, ಹೊಸಕೋಟೆ, ನೆಲಮಂಗಲ, ಆನೇಕಲ್, ದೊಡ್ಡಬಳ್ಳಾಪುರ. ಎರಡನೆಯದು ಐ.ಟಿ. ಕಂಪನಿಗಳ ಜೊತೆಗೇ ಬೆಳೆದ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯಂಥ ಪ್ರದೇಶಗಳು. ಇಲ್ಲಿ ಎಲ್ಲವೂ ಸಿಗುತ್ತದೆ, ಆದರೆ ನಗರದ ಬೆಲೆಗೇ ಸಿಗುತ್ತದೆ. ಮೂರನೆಯದು ರಾಗಿ ಹೊಲದ ನಡುವೆ ಕಮಾನು ನಿಲ್ಲಿಸಿ ಮಾಡಿದ ಹೊಸ ಬಡಾವಣೆ, ಅಲ್ಲಿ ಹಾಲಿನ ಪ್ಯಾಕೆಟ್ಟಿಗೂ ಸ್ಕೂಟರ್ ತೆಗೆಯಬೇಕು. ಮನೆಯಲ್ಲಿ ವಾದ ನಡೆಯುವಾಗ ಒಬ್ಬರ ಮನಸ್ಸಿನಲ್ಲಿ ಯಲಹಂಕವಿದ್ದು ಇನ್ನೊಬ್ಬರ ಮನಸ್ಸಿನಲ್ಲಿ ಆ ಕಮಾನು ಇದ್ದರೆ ಮಾತು ಎಂದಿಗೂ ಕೂಡುವುದಿಲ್ಲ. ಆದ್ದರಿಂದ ಊರಿನ ಹೆಸರನ್ನೂ ಸಾಧ್ಯವಾದರೆ ಬೀದಿಯನ್ನೂ ಗುರುತಿಸಿಕೊಂಡ ಮೇಲೆಯೇ ಮುಂದುವರಿಯಿರಿ. ಹೊರಗೆ ಹೋಗುವುದಾದರೆ ಮೊದಲನೆಯ ಬಗೆಯೇ ಹೆಚ್ಚು ಸುರಕ್ಷಿತ ಎಂದು ನನಗನ್ನಿಸುತ್ತದೆ, ಏಕೆಂದರೆ ಆ ಊರುಗಳು ಬೆಂಗಳೂರನ್ನು ನಂಬಿಕೊಂಡು ಹುಟ್ಟಿದವಲ್ಲ.

ಮೊದಲು ಮಾತಾಡಬೇಕಾದವರು

ಮನೆಯ ಪ್ರತಿಯೊಬ್ಬರೂ ತಮ್ಮ ಇಷ್ಟಾನಿಷ್ಟಗಳನ್ನು ಹೇಳುವ ಬದಲು, ಹೊಸ ಜಾಗದಲ್ಲಿ ತಮ್ಮ ಒಂದು ಮಂಗಳವಾರ ಹೇಗೆ ಕಳೆಯುತ್ತದೆ ಎಂಬುದನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದು ಹಾಳೆಯಲ್ಲಿ ಬರೆಯಲಿ. ಭಾನುವಾರ ಬೇಡ, ಭಾನುವಾರ ಎಲ್ಲ ಊರುಗಳೂ ಚೆನ್ನಾಗಿಯೇ ಇರುತ್ತವೆ, ನಿವೇಶನ ಮಾರುವವರು ಗ್ರಾಹಕರನ್ನು ಭಾನುವಾರ ಬೆಳಿಗ್ಗೆ ಕರೆದೊಯ್ಯುವುದೂ ಅದಕ್ಕೇ. ಬರೆದದ್ದನ್ನು ಓದುವಾಗ ವಾಹನ ಓಡಿಸದವರಿಂದ ಆರಂಭಿಸಿ. ಅಜ್ಜಿ ತರಕಾರಿಗೆ, ದೇವಸ್ಥಾನಕ್ಕೆ, ರಕ್ತಪರೀಕ್ಷೆಗೆ ಯಾರನ್ನೂ ಕಾಯದೆ ಹೋಗಿ ಬರಬಲ್ಲರೇ? ಹೈಸ್ಕೂಲಿನ ಹುಡುಗಿ ಟ್ಯೂಷನ್ ಮುಗಿಸಿ ಸಂಜೆ ಏಳಕ್ಕೆ ಒಬ್ಬಳೇ ಮನೆ ಸೇರಬಲ್ಲಳೇ? ಹಗಲಿಡೀ ಮನೆಯಲ್ಲಿರುವವರಿಗೆ ಮಾತಿಗೆ ಸಿಗುವವರು ಯಾರು?

ಕಾರಿರುವವನಿಗೆ ಹೊರವಲಯವೆಂದರೆ ದೂರ ಮಾತ್ರ. ಕಾರಿಲ್ಲದವರಿಗೆ ಅದು ಪರಾವಲಂಬನೆ. ಮೂವತ್ತು ವರ್ಷ ಬಸವನಗುಡಿಯಲ್ಲಿದ್ದು, ಗಾಂಧಿಬಜಾರಿಗೆ ನಡೆದು ಹೋಗಿ ಹೂವು ತಂದು, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಬರುತ್ತಿದ್ದ ಹಿರಿಯರನ್ನು ಹನ್ನೆರಡನೆಯ ಮಹಡಿಗೆ ಸ್ಥಳಾಂತರಿಸಿದಾಗ ಅವರು ಕಳೆದುಕೊಳ್ಳುವುದು ಯಾವ ಬಾಡಿಗೆಯ ಲೆಕ್ಕದಲ್ಲೂ ಬರುವುದಿಲ್ಲ. ಹಾಗೆಂದು ಹಿರಿಯರು ಯಾವಾಗಲೂ ನಗರವನ್ನೇ ಬಯಸುತ್ತಾರೆ ಎಂದು ಊಹಿಸಿಕೊಳ್ಳಬೇಡಿ. ಲಿಫ್ಟ್ ಇಲ್ಲದ ಮೂರನೆಯ ಮಹಡಿ, ಕಿತ್ತುಹೋದ ಕಾಲುದಾರಿ, ಅದರ ಮೇಲೇರಿ ಬರುವ ದ್ವಿಚಕ್ರ ವಾಹನಗಳು ನಗರದ ನಡುವೆಯೂ ಅವರನ್ನು ಮನೆಯೊಳಗೇ ಕೂರಿಸಬಲ್ಲವು. ಅವರನ್ನೇ ಕೇಳಿ, ಮತ್ತು ಅವರ ಉತ್ತರ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡಿ.

ಸಮಯ ಮತ್ತು ಹಣವನ್ನು ಒಂದೇ ಹಾಳೆಯಲ್ಲಿ ಬರೆಯುವುದು

ಪ್ರಯಾಣದ ಸಮಯವನ್ನು ಫೋನಿನ ನಕ್ಷೆಯಿಂದ ತಿಳಿಯಬೇಡಿ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಹೊರಟು ಕಚೇರಿಯ ಬಾಗಿಲು ತಲುಪಿ, ಸಂಜೆ ಆರರ ನಂತರ ಅದೇ ದಾರಿಯಲ್ಲಿ ಹಿಂದಿರುಗಿ ನೋಡಿ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಹೆಚ್ಚಾದರೆ ತಿಂಗಳಿಗೆ 22 ಕೆಲಸದ ದಿನಗಳಲ್ಲಿ 44 ಗಂಟೆ ರಸ್ತೆಗೆ ಹೋಗುತ್ತದೆ.

ಹಣದ ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಳಗಿನ ಮನೆಯ ಬಾಡಿಗೆ 30,000 ರೂಪಾಯಿ, ಹೊರಗಿನದು 18,000. ಉಳಿತಾಯ 12,000 ಎಂದು ಕಾಣುತ್ತದೆ. ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಮೊದಲು 30 ರೂಪಾಯಿ ಕೊಡುತ್ತಿದ್ದವರು ಈಗ 90 ಕೊಟ್ಟು ಹೋಗಿ ಬರಬೇಕಾದರೆ ತಿಂಗಳಿಗೆ 2,640 ರೂಪಾಯಿ ಹೆಚ್ಚು ಬೀಳುತ್ತದೆ. ನಿಲ್ದಾಣದವರೆಗಿನ ಪೆಟ್ರೋಲು ಮತ್ತು ಪಾರ್ಕಿಂಗ್‌ಗೆ 1,500, ಮನೆಯಲ್ಲಿ ಎರಡನೆಯ ಸ್ಕೂಟರಿನ ಕಂತು 3,000, ಶಾಲಾ ವ್ಯಾನಿಗೆ ಹೆಚ್ಚುವರಿ 1,500 ಎಂದಿಟ್ಟುಕೊಂಡರೆ ಉಳಿಯುವುದು 3,360 ರೂಪಾಯಿ. ಅದನ್ನು ಆ 44 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 76 ರೂಪಾಯಿ. ಇಷ್ಟಕ್ಕೆ ನಿಮ್ಮ ಸಂಜೆಯನ್ನು ಮಾರಲು ಒಪ್ಪಿಗೆಯೇ ಎಂಬುದು ಈಗ ಸ್ಪಷ್ಟವಾದ ಪ್ರಶ್ನೆ. ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗುವವರಿಗೆ ಇದೇ ಲೆಕ್ಕ ಬೇರೆಯೇ ಉತ್ತರ ಕೊಡುತ್ತದೆ, ಆದ್ದರಿಂದ ನನ್ನ ಅಂಕಿಗಳನ್ನು ಬಿಟ್ಟು ನಿಮ್ಮವನ್ನು ಹಾಕಿಕೊಳ್ಳಿ. ಸಾದಹಳ್ಳಿ, ಅತ್ತಿಬೆಲೆ, ನೈಸ್ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಗಳ ಟೋಲ್ ನಿಮ್ಮ ದಾರಿಯಲ್ಲಿದ್ದರೆ ಅದನ್ನೂ ಸೇರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದನ್ನು ಕಳೆಯಿರಿ, ಆದರೆ ಆ ಬಸ್ಸು ನಿಮ್ಮ ಬೀದಿಗೆ ದಿನಕ್ಕೆ ಎಷ್ಟು ಬಾರಿ ಬರುತ್ತದೆ ಎಂಬುದನ್ನು ಕೇಳಿದ ಮೇಲೆ.

‘ಬರಲಿದೆ’ ಎಂಬುದಕ್ಕೆ ಸೊನ್ನೆ ಅಂಕ ಕೊಡಿ. ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗಿನ ಮೆಟ್ರೊ 2023ರ ಮಾರ್ಚ್‌ನಲ್ಲೇ ಓಡಲಾರಂಭಿಸಿದರೂ, ಬೈಯಪ್ಪನಹಳ್ಳಿಯವರೆಗಿನ ಚಿಕ್ಕ ಕೊಂಡಿ ಸೇರಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಪ್ರಯಾಣಿಕರು ಆ ತುಂಡು ದಾರಿಯನ್ನು ಬಸ್ಸಿನಲ್ಲೋ ಆಟೊದಲ್ಲೋ ದಾಟಬೇಕಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ಇದ್ದದ್ದು ಮೂರೇ ರೈಲು, ಆದ್ದರಿಂದ 25 ನಿಮಿಷಕ್ಕೊಂದು ಬರುತ್ತಿತ್ತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಸೊಗಸಾದ ಹೆಸರುಗಳ ನಾಲ್ಕು ಉಪನಗರ ರೈಲು ಮಾರ್ಗಗಳನ್ನು ನಂಬಿ ಈಗಲೇ ಮನೆ ಹಿಡಿಯುವವರು, ರೈಲು ಓಡುವ ಹೊತ್ತಿಗೆ ತಮ್ಮ ಮಗು ಯಾವ ತರಗತಿಯಲ್ಲಿರುತ್ತದೆ ಎಂದು ಯೋಚಿಸಲಿ.

ನೀರು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ವಿಷಯಕ್ಕೆ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುತ್ತದೆ. ಹಳೆಯ ಬಡಾವಣೆಗಳಿಗೆ ಅದು ದಿನ ಬಿಟ್ಟು ದಿನವಾದರೂ ತಲುಪುತ್ತದೆ. ಹೊರವಲಯದ ಬಹುಭಾಗ ದಶಕಗಳಿಂದ ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿಕೊಂಡಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಬೇಕಾಯಿತು, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತವು 2007ರಲ್ಲಿ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಇದು ದೊಡ್ಡ ಬದಲಾವಣೆಯೇ ಸರಿ. ಆದರೆ ಬೀದಿಯಲ್ಲಿ ಕೊಳವೆ ಹೂತಿರುವುದು ಬೇರೆ, ನಿಮ್ಮ ಮನೆಯ ನೆಲದಡಿಯ ಸಂಪಿನೊಳಗೆ ನೀರು ಬೀಳುವುದು ಬೇರೆ, ಮತ್ತು ಆ ಹಳ್ಳಿಗಳ ಗಡಿಯಾಚೆಯ ಪಂಚಾಯಿತಿ ಪ್ರದೇಶಕ್ಕೆ ಈ ಮಾತು ಅನ್ವಯಿಸುವುದೇ ಇಲ್ಲ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡವನ್ನು ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಬೇಕು. ಸಂಪ್ ಎಷ್ಟು ಲೀಟರಿನದು, ಜಲಮಂಡಳಿಯ ಮೀಟರ್ ಇದೆಯೇ, ಮಳೆನೀರು ಸಂಗ್ರಹದ ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮನೆಯ ಮಾಲೀಕರಿಂದ ಕೇಳಿ. ಅಪಾರ್ಟ್‌ಮೆಂಟ್ ಆದರೆ ಕಳೆದ ಏಪ್ರಿಲ್ ಮತ್ತು ಮೇ ತಿಂಗಳ ಟ್ಯಾಂಕರ್ ಬಿಲ್ಲುಗಳನ್ನು ಸಂಘದವರಿಂದ ಕೇಳಿ ಪಡೆಯಿರಿ. ಅವರು ತೋರಿಸಲು ಹಿಂಜರಿದರೆ ಅದೂ ಒಂದು ಉತ್ತರವೇ. ಮಾಲೀಕರಿಗಿಂತ ನಿಖರವಾಗಿ ಹೇಳಬಲ್ಲವರು ಬೀದಿಯ ದಿನಸಿ ಅಂಗಡಿಯವರು, ಇಸ್ತ್ರಿ ಅಂಗಡಿಯವರು ಮತ್ತು ಸ್ವತಃ ಟ್ಯಾಂಕರ್ ಓಡಿಸುವವರು.

ನೀರಿನ ಇನ್ನೊಂದು ಮುಖ ಪ್ರವಾಹ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಸಾಗಿಸಬೇಕಾಯಿತು, ಮುಳುಗಿದವುಗಳಲ್ಲಿ ಬಹು ದುಬಾರಿ ವಿಲ್ಲಾಗಳೂ ಇದ್ದವು. ಕರ್ನಾಟಕದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರನ್ನೂ ಸುತ್ತಲಿನ ಕೆರೆ ಕಾಲುವೆಗಳನ್ನೂ ನೋಡಬಹುದು. ಮನೆ ನೋಡಲು ಹೋದಾಗ ಅಲ್ಲೇ ತೆರೆದು ನೋಡಿ.

ನಗರದ ಪಾಲಿಗೆ ಎಷ್ಟು ಅಂಕ

ನಗರದ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಅಲ್ಲಿನ ಸಾಂಸ್ಕೃತಿಕ ಬದುಕನ್ನು ಮುಂದೆ ಮಾಡುತ್ತಾರೆ: ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ, ರವೀಂದ್ರ ಕಲಾಕ್ಷೇತ್ರದ ನಾಟಕ, ಬಸವನಗುಡಿಯ ಕಡಲೆಕಾಯಿ ಪರಿಷೆ. ಇವೆಲ್ಲ ನಿಜವಾದ ಸುಖಗಳೇ, ಆದರೆ ಕಳೆದ ವರ್ಷ ಇವುಗಳಲ್ಲಿ ಎಷ್ಟಕ್ಕೆ ಹೋಗಿದ್ದಿರಿ ಎಂದು ಕೇಳಿಕೊಂಡು ಅಷ್ಟಕ್ಕೆ ಮಾತ್ರ ಅಂಕ ಕೊಡಿ. ಆಸ್ಪತ್ರೆಯ ವಿಷಯ ಹಾಗಲ್ಲ. ಜಯದೇವ, ನಿಮ್ಹಾನ್ಸ್, ಕಿದ್ವಾಯಿಯಂಥ ಕಡೆ ನಿಯಮಿತವಾಗಿ ಚಿಕಿತ್ಸೆಗೆ ಹೋಗಬೇಕಾದವರು ಮನೆಯಲ್ಲಿದ್ದರೆ ಉಳಿದ ಚರ್ಚೆ ಬಹುಮಟ್ಟಿಗೆ ಅನಗತ್ಯ. ಶಾಲೆಯ ಮಾತೂ ಸರಳ: ಮಗು ಈಗಿರುವ ಶಾಲೆಯಲ್ಲೇ ಮುಂದುವರಿಯಬೇಕೆಂದಿದ್ದರೆ ಮನೆಯನ್ನು ಶಾಲೆಯ ಹತ್ತಿರವೇ ಹುಡುಕಿ, ಏಕೆಂದರೆ ದೊಡ್ಡವರು ಟ್ರಾಫಿಕ್ಕಿನಲ್ಲಿ ಹಾಡು ಕೇಳಬಲ್ಲರು, ಎಂಟು ವರ್ಷದ ಮಗು ನಿದ್ದೆಗೆಡುತ್ತದೆ.

ಕೊಳ್ಳುವ ಮುನ್ನ ಬಾಡಿಗೆಗೆ ಇದ್ದು ನೋಡುವುದು

ಕೊಳ್ಳುವುದೇ ಆದರೆ ಹೊರವಲಯದಲ್ಲಿ ಕಾಗದಪತ್ರಗಳ ಅಪಾಯ ಹೆಚ್ಚು. ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಸೈಟುಗಳು ಅಗ್ಗವಾಗಿರುವುದಕ್ಕೆ ಕಾರಣವಿದೆ. ಬಿ ಖಾತಾ ಆಸ್ತಿಗೆ, ಅಂದರೆ ನಿಯಮಗಳಿಗೆ ಪೂರ್ತಿ ಹೊಂದದೆ ಪಾಲಿಕೆಯ ಪ್ರತ್ಯೇಕ ದಾಖಲೆಯಲ್ಲಿರುವ ಆಸ್ತಿಗೆ, ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆಯುತ್ತವೆ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯ) ನಮೂನೆ 9 ಮತ್ತು 11 ಇವೆಯೇ ಎಂದು ನೋಡಬೇಕು. ಹೊಸ ಅಪಾರ್ಟ್‌ಮೆಂಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮತ್ತು ಸ್ವಾಧೀನಾನುಭವ ಪತ್ರ ಇಲ್ಲದಿದ್ದರೆ ಮುಂದಿನ ಮಾತೇ ಬೇಡ. ಇವುಗಳ ಪರಿಶೀಲನೆ ವಕೀಲರ ಕೆಲಸ, ಅದಕ್ಕೆ ಕೊಡುವ ಶುಲ್ಕದಲ್ಲಿ ಚೌಕಾಸಿ ಮಾಡಬಾರದು.

ಆದರೆ ಕೊಳ್ಳುವ ಮುನ್ನ ಅದೇ ಬೀದಿಯಲ್ಲಿ ಅಥವಾ ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಇದ್ದು ನೋಡುವಷ್ಟು ತಾಳ್ಮೆಯಿದ್ದರೆ ಮನೆಯೊಳಗಿನ ಅರ್ಧ ವಾದ ತಾನಾಗಿಯೇ ಮುಗಿಯುತ್ತದೆ. ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ರೂಢಿ ಇನ್ನೂ ಕೆಲವೆಡೆ ಇದೆ. ಅಡ್ವಾನ್ಸ್ ಕಡಿಮೆ ಮಾಡಿಸಿಕೊಳ್ಳಿ, ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನೂ ಅವಧಿಗೆ ಮೊದಲೇ ಖಾಲಿ ಮಾಡುವ ಷರತ್ತನ್ನೂ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ. ಈಗಿರುವ ಸ್ವಂತ ಮನೆಯನ್ನು ಆ ಅವಧಿಯಲ್ಲಿ ಮಾರಬೇಡಿ, ಬಾಡಿಗೆಗೆ ಕೊಡಿ. ಕರಾರನ್ನು ಡಿಸೆಂಬರ್‌ನಲ್ಲಿ ಆರಂಭಿಸಿದರೆ ಏಪ್ರಿಲ್ ಮತ್ತು ಮೇ ತಿಂಗಳ ನೀರಿನ ಪರದಾಟ, ಜೂನ್‌ನ ಶಾಲಾ ದಟ್ಟಣೆ, ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಈ ಮೂರನ್ನೂ ಒಂದೇ ಕರಾರಿನೊಳಗೆ ಕಾಣಬಹುದು. ಮೊದಲ ದಿನ ಬರೆದಿಟ್ಟ ಆ ಮಂಗಳವಾರದ ಹಾಳೆಗಳನ್ನು ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಮತ್ತೊಮ್ಮೆ ಬರೆಯಲಿ, ಎರಡನ್ನೂ ಎದುರುಬದುರಾಗಿ ಇಟ್ಟು ಓದಿದ ಮೇಲೆ ಕರಾರು ನವೀಕರಿಸುವುದೋ, ಅಲ್ಲೇ ಕೊಳ್ಳುವುದೋ, ಹಿಂದಿರುಗುವುದೋ ಎಂಬುದನ್ನು ಮಾತಾಡಿ.