ಕಟ್ಟು ಬಿಚ್ಚುವ ಮೊದಲು: ಹಳೆ ಕಡತಗಳ ಜೊತೆ ನನ್ನ ಅನುಭವ

ಹಳೆ ಕಾಗದಪತ್ರ ಕಾಪಾಡುವ ತರಬೇತಿ ಅಂದರೆ ಹರಿದ ಹಾಳೆ ಅಂಟಿಸುವುದನ್ನು ಕಲಿಸುತ್ತಾರೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಅಂಟಿಸುವುದೂ ಇತ್ತು, ಇಲ್ಲ ಅಂತಲ್ಲ. ಆದರೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ನೋಡುವುದು, ಅಳೆಯುವುದು, ಬರೆದಿಡುವುದು. ಮುಂದೆ ಒಂದು ಹಳೆ ಸಂಸ್ಥೆಯ ಕಡತಗಳು ನನ್ನ ಪಾಲಿಗೆ ಬಂದಾಗ ಕೆಲಸಕ್ಕೆ ಬಂದದ್ದೂ ಅದೇ.

ಧೂಳು ತುಂಬಿದ ಕಟ್ಟುಗಳನ್ನು ನೋಡಿದ ತಕ್ಷಣ ವಿಷಯವಾರು ಬಿಡಿಸಿ ಜೋಡಿಸೋಣ ಅನ್ನಿಸುತ್ತದೆ. ಗ್ರಂಥಾಲಯದಲ್ಲಾದರೆ ಅದೇ ಸರಿ. ಪತ್ರಾಗಾರದಲ್ಲಿ ಹಾಗೆ ಮಾಡುವಂತಿಲ್ಲ. ಒಬ್ಬರಿಂದ ಬಂದ ಕಾಗದವನ್ನು ಇನ್ನೊಬ್ಬರದ್ದರ ಜೊತೆ ಬೆರೆಸಬಾರದು. ಇದನ್ನು ಫ್ರಾನ್ಸ್ ಸರ್ಕಾರ 1841ರಲ್ಲೇ ಸುತ್ತೋಲೆ ಹೊರಡಿಸಿ ಹೇಳಿತ್ತು. ಕಾಗದ ಯಾರದ್ದೋ ಅವರು ಇಟ್ಟುಕೊಂಡಿದ್ದ ಕ್ರಮವನ್ನೂ ಕೆಡಿಸಬಾರದು. ಪಾಠದಲ್ಲಿ ಕೇಳುವಾಗ ಇದು ಬರೀ ಶಿಸ್ತಿನ ಮಾತು ಅನ್ನಿಸಿತ್ತು. ಕೆಲಸಕ್ಕಿಳಿದ ಮೇಲೆ ಅರ್ಥವಾಯಿತು. ನನಗೆ ಸಿಕ್ಕ ಒಂದು ಕಟ್ಟಿನಲ್ಲಿ ಗುಮಾಸ್ತರು ಯಾರೋ ದೂರಿನ ಪತ್ರಗಳನ್ನು ಖರ್ಚಿನ ರಸೀದಿಗಳ ನಡುವೆ ಇಟ್ಟಿದ್ದರು. ಮೇಲ್ನೋಟಕ್ಕೆ ಎಲ್ಲ ಕಲಸುಮೇಲೋಗರ. ಓದುತ್ತಾ ಹೋದರೆ, ಯಾವ ದೂರಿನಿಂದಾಗಿ ಯಾವ ಬಿಲ್ಲು ನಿಂತಿತು ಅನ್ನುವುದು ಆ ಜೋಡಣೆಯಿಂದಲೇ ತಿಳಿಯುತ್ತಿತ್ತು. ಎಲ್ಲೂ ಬೇರೆ ಕಡೆ ಅದನ್ನು ಬರೆದಿರಲಿಲ್ಲ. ವಿಷಯವಾರು ಬಿಡಿಸಿದ್ದರೆ ಒಂದು ಹಾಳೆಯೂ ಕಳೆಯದೆ ಆ ಸಂಗತಿ ಮಾತ್ರ ಕಳೆದುಹೋಗುತ್ತಿತ್ತು.

ಹಾಗಾಗಿ ಒಂದು ಕಟ್ಟನ್ನೂ ಅಲುಗಾಡಿಸುವ ಮೊದಲು ಪ್ರತಿ ಕಪಾಟಿಗೂ ಹಲಗೆಗೂ ನಂಬರ್ ಕೊಟ್ಟೆ, ಫೋಟೋ ತೆಗೆದೆ, ಯಾವ ಕಟ್ಟು ಎಲ್ಲಿತ್ತು ಅಂತ ರಿಜಿಸ್ಟರಿನಲ್ಲಿ ಬರೆದೆ. ಬೇಜಾರಿನ ಕೆಲಸ. ಬೇರೆ ದಾರಿಯಿಲ್ಲ.

ಆಮೇಲೆ ಕೋಣೆಯ ಸರದಿ. ಉಷ್ಣತೆ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಟ್ಟು ದಿನಾ ಬರೆಯುತ್ತಾ ಬಂದೆ. ಗಾಳಿಯ ತೇವ 65 ಪರ್ಸೆಂಟ್ ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ಜನ ಗಮನಿಸದ ತೊಂದರೆ ಏರಿಳಿತ. ಹಗಲು ಏಸಿ ಹಾಕಿ ಸಂಜೆ ಆರಿಸಿ ಹೋದರೆ ಕಾಗದ ದಿನಾ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕಿಂತ ಏಸಿಯೇ ಇಲ್ಲದೆ ಸ್ವಲ್ಪ ಗಾಳಿಯಾಡುವ, ಹೆಚ್ಚು ಏರಿಳಿತವಿಲ್ಲದ ಕೋಣೆ ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. ಕಪಾಟುಗಳನ್ನು ಹೊರಗೋಡೆಯಿಂದ ದೂರ ಸರಿಸಿದೆ. ಕೆಳಗಿನ ಹಲಗೆಯನ್ನು ನೆಲದಿಂದ ಒಂದು ಗೇಣು ಎತ್ತರಿಸಿದೆ.

ಕಾಗದ ಕಾಯುವವರಿಗೆ ಸ್ವಲ್ಪ ರಸಾಯನಶಾಸ್ತ್ರ ಬೇಕೇ ಬೇಕು. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಶಾಯಿ ಹರಡದಿರಲಿ ಅಂತ ಪಟಿಕ ಮತ್ತು ರಾಳವನ್ನೂ ಸೇರಿಸುತ್ತಿದ್ದರು. ಅದರಿಂದ ಆಮ್ಲ ಹುಟ್ಟಿ, ಹಾಳೆ ಹಳದಿಯಾಗಿ, ಮಡಿಸಿದರೆ ಮುರಿಯುತ್ತದೆ. ಅದಕ್ಕೂ ಹಿಂದಿನ ಚಿಂದಿ ಬಟ್ಟೆಯ ಕಾಗದ ಇವತ್ತಿಗೂ ಗಟ್ಟಿಯಾಗಿರುವುದುಂಟು. ಮರದ ತಿರುಳಿನ ಕಾಗದಕ್ಕೆ ಆಮ್ಲವಿಲ್ಲದ, ಸ್ವಲ್ಪ ಸುಣ್ಣದ ಅಂಶ ಬೆರೆಸಿದ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಆದರೆ ಎಲ್ಲದಕ್ಕೂ ಅದೇ ಅಲ್ಲ. ಹಳೆ ನೀಲಿನಕ್ಷೆಗಳನ್ನು ಅದರಲ್ಲಿಟ್ಟರೆ ಕ್ಷಾರ ತಾಗಿ ನೀಲಿ ಮಾಸುತ್ತದೆ. ಅವಕ್ಕೆ ಆಮ್ಲವೂ ಬೇಡ, ಸುಣ್ಣವೂ ಬೇಡ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಹಳೆ ಫೋಟೋ ನೆಗೆಟಿವ್‌ಗಳಿದ್ದ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಡಿಯಿತು. ಅಂದರೆ ಫಿಲ್ಮು ಕೊಳೆಯಲು ಶುರುವಾಗಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ, ಹಾಗಾಗಿ ಅವತ್ತೇ ಬೇರೆ ಕೋಣೆಗೆ ಸಾಗಿಸಿದೆ.

ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡ್ ಎಲ್ಲ ತೆಗೆದೆ. ಪೆಟ್ಟಿಗೆ, ಕವರು ಎಲ್ಲದರ ಮೇಲೂ ಪೆನ್ಸಿಲ್‌ನಲ್ಲೇ ಬರೆದೆ. ಬಿಳಿ ಕೈಗವಸು ಫೋಟೋಗೆ ಪೋಸು ಕೊಡಲು ಚೆಂದ, ಅಷ್ಟೇ. ಬಟ್ಟೆಯ ಗವಸಿನಲ್ಲಿ ಹಾಳೆಯ ಅಂಚು ಬೆರಳಿಗೆ ತಿಳಿಯದೆ ಹರಿಯುವುದೇ ಜಾಸ್ತಿ. ಕಾಗದಕ್ಕೆ ತೊಳೆದು ಒರೆಸಿಕೊಂಡ ಬರಿಗೈ ಸಾಕು, ಫೋಟೋ ಮತ್ತು ನೆಗೆಟಿವ್‌ಗೆ ನೈಟ್ರೈಲ್ ಅನ್ನುವ ತೆಳು ರಬ್ಬರಿನ ಗವಸು.

ರಿಪೇರಿಯಲ್ಲಿ ನೋಡಬೇಕಾದ್ದು ಒಂದೇ: ಇವತ್ತು ಹಚ್ಚಿದ್ದನ್ನು ನಾಳೆ ಬಿಡಿಸಲು ಬರಬೇಕು. ಗೋಧಿ ಪಿಷ್ಟದ ಅಂಟು, ತೆಳುವಾದ ಜಪಾನಿ ಕಾಗದ ಬಳಸುವುದು ಅದಕ್ಕೇ. ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಸೆಲೋಟೇಪ್ ಒಣಗಿ ಉದುರಿದರೂ ಕಂದು ಕಲೆ ಉಳಿಸಿ ಹೋಗುತ್ತದೆ. ಇನ್ನು ‘ಲ್ಯಾಮಿನೇಷನ್ ಮಾಡಿಸಿದ್ದೇವೆ ಸಾರ್’ ಅಂತ ಹೆಮ್ಮೆಯಿಂದ ತೋರಿಸುವವರಿಗೆ ಏನು ಹೇಳಬೇಕೋ ನನಗಂತೂ ತಿಳಿಯುವುದಿಲ್ಲ.

ಪಟ್ಟಿ ಮಾಡುವಾಗ ಮೇಲಿನಿಂದ ಕೆಳಕ್ಕೆ ಇಳಿದೆ. ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟ: ಯಾರದ್ದು, ಯಾವ ಕಾಲದ್ದು, ಎಷ್ಟಿದೆ, ಹೇಗೆ ಬಂತು. ನಂತರ ನಡಾವಳಿ, ಲೆಕ್ಕಪತ್ರ, ಪತ್ರವ್ಯವಹಾರ ಅಂತ ಒಂದೊಂದು ಗುಂಪಿಗೂ ಕೆಲವು ಸಾಲು. ಒಂದೊಂದೇ ಪತ್ರದ ಸಾರಾಂಶ ಬರೆಯುತ್ತಾ ಕೂತರೆ ಮೊದಲ ಪೆಟ್ಟಿಗೆ ಮುಗಿಯುವಷ್ಟರಲ್ಲಿ ನಾವೇ ನಿವೃತ್ತಿ ಆಗಿರುತ್ತೇವೆ, ಅಲ್ವಾ? ಸ್ಕ್ಯಾನಿಂಗ್ ಕೊನೆಗೆ ಇಟ್ಟುಕೊಂಡೆ. ಸ್ಕ್ಯಾನ್ ಮಾಡಿದರೆ ಮೂಲ ಉಳಿದಂತಲ್ಲ. ಅದೂ ಕಾಯಬೇಕಾದ ಇನ್ನೊಂದು ಸಂಗ್ರಹ. ಮೂರು ಪ್ರತಿ, ಅದರಲ್ಲೊಂದು ಬೇರೆ ಕಟ್ಟಡದಲ್ಲಿ. ಫೈಲು ಕೆಟ್ಟಿದೆಯೋ ಇಲ್ಲವೋ ಅಂತ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಫೈಲು ಬದಲಾದರೆ ಅದೂ ಬದಲಾಗುತ್ತದೆ) ಹಾಕಿ ಆಗಾಗ ನೋಡುತ್ತೇನೆ.

ತರಬೇತಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನೀರು ನುಗ್ಗಿದಾಗಿನ ಕೆಲಸ. ಬೇಡದ ಪುಸ್ತಕಗಳನ್ನು ನೀರಲ್ಲಿ ನೆನೆಸಿ ನಮ್ಮ ಕೈಗೆ ಕೊಟ್ಟಿದ್ದರು. ಒದ್ದೆ ಪುಸ್ತಕದ ಪುಟ ಬಿಡಿಸಲು ಹೋಗಬಾರದು. ಎರಡು ದಿನದಲ್ಲಿ ಒಣಗಿಸಲು ಆಗದ್ದನ್ನು ಫ್ರೀಜ್ ಮಾಡಬೇಕು, ಇಲ್ಲದಿದ್ದರೆ ಬೂಷ್ಟು ಶುರು. ನುಣುಪು ಕಾಗದದ್ದು ಇನ್ನೂ ತುರ್ತು, ಅಂಟಿಕೊಂಡು ಒಣಗಿತೆಂದರೆ ಇಟ್ಟಿಗೆಯೇ. ಈಗ ನಮ್ಮ ಕೋಣೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇನೆ. ನೀರೋ ಬೆಂಕಿಯೋ ಬಂದರೆ ಮೊದಲು ಏನು ಹೊರಗೆ ಹೋಗಬೇಕು ಅಂತ. ಎಲ್ಲಕ್ಕಿಂತ ಹಳೆಯ ಕಡತ ಅದರಲ್ಲಿ ಮೊದಲಿಲ್ಲ. ಮೊದಲಿರುವುದು ಆ ರಿಜಿಸ್ಟರ್. ಅದು ಹೋದರೆ ಉಳಿದದ್ದು ಯಾವುದು, ಹೋದದ್ದು ಯಾವುದು ಅಂತ ಹೇಳಲು ಯಾರಿಗೂ ಬರುವುದಿಲ್ಲ.