ಜಾಕಿ ರಾಬಿನ್ಸನ್ ಕಾರ್ಡ್: ಕೊಳ್ಳುವಾಗ, ಮತ್ತೆ ನಮ್ಮ ಮಳೆಯಲ್ಲಿ ಇಡುವಾಗ

ಅಡಿಕೆ ತೋಟದ ನಡುವೆ ಕೂತು ಅಮೆರಿಕದ ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರರ ಚಿತ್ರ ಅಚ್ಚಾದ ರಟ್ಟಿನ ಚೀಟಿ, ಸೇರಿಸುವವರು ಪೆರ್ಲದ ಕಡೆ ನಾನೊಬ್ಬನೇ ಇರಬೇಕು. ಆದರೂ ಕೇಳಿದವರಿಗೆ ಹೇಳುತ್ತೇನೆ: 1952ರ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡಿಗೆ ಆಸೆಪಡಬೇಡಿ, ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಟಾಪ್ಸ್ ಕಂಪನಿ 1956ರಲ್ಲಿ ತಂದ ಸೆಟ್ಟಿನ 30ನೇ ನಂಬರಿನ ಜಾಕಿ ರಾಬಿನ್ಸನ್ ಹುಡುಕಿ. 1947ರಲ್ಲಿ ಡಾಡ್ಜರ್ಸ್ ತಂಡದ ಪರ ಕಣಕ್ಕಿಳಿದು, ಅಮೆರಿಕದ ಬೇಸ್‌ಬಾಲಿನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗಿನ ವರ್ಣಭೇದ ಮುರಿದ ಕಪ್ಪು ಆಟಗಾರ. 1956ರ ಸೀಸನ್ ಮುಗಿಸಿ ಆಟ ಬಿಟ್ಟ.

ಮೂಲೆ ಸವೆದದ್ದು, ನಡುವೆ ಮಡಿಕೆ ಬಿದ್ದದ್ದು ಧಾರಾಳವಾಗಿ ಕೊಳ್ಳಬಹುದು. ಯಾವನೋ ಹುಡುಗ ಕಿಸೆಯಲ್ಲಿಟ್ಟುಕೊಂಡು ತಿರುಗಿದ ಗುರುತು ಅದು, ಬೆಲೆಯೂ ಇಳಿಯುತ್ತದೆ. ಅಂಚು ಕತ್ತರಿಸಿ ಚಂದ ಮಾಡಿದ್ದು ಮಾತ್ರ ಬೇಡವೇ ಬೇಡ. ಆ ವರ್ಷದ ಕಾರ್ಡಿನ ಅಳತೆ ಎರಡೂ ಐದು ಬೈ ಎಂಟು (2⅝) ಇಂಚು, ಮೂರೂ ಮುಕ್ಕಾಲು ಇಂಚು. ಈಗಿನ ಎರಡೂವರೆ-ಮೂರೂವರೆ ಇಂಚಿನ ಅಳತೆ ಬಂದದ್ದು 1957ರಲ್ಲಿ. ಸ್ಕೇಲ್ ಪಕ್ಕದಲ್ಲಿಟ್ಟ ಫೋಟೋ ಕೇಳಿ. ಕೊಡಲು ಹಿಂಜರಿಯುವ ವ್ಯಾಪಾರಿಯ ಕೈಬಿಡಿ.

ಚಿನ್ನದ ಕೆಲಸದವರ ಭೂತಗನ್ನಡಿಯಲ್ಲಿ ಹಿಂಬದಿಯ ಅಕ್ಷರ ನೋಡಿ. ಅಸಲಿನಲ್ಲಿ ಅಕ್ಷರಕ್ಕೆ ಶಾಯಿ ಗಟ್ಟಿಯಾಗಿ ಕೂತಿರುತ್ತದೆ. ಫೋಟೋ ತೆಗೆದು ಮರುಮುದ್ರಿಸಿದ್ದಾದರೆ ಅಕ್ಷರವೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಮುಂಬದಿಯ ಚಿತ್ರದಲ್ಲಿ ಚುಕ್ಕಿ ಇದ್ದರೆ ಗಾಬರಿ ಬೇಡ, ಅದು ಅಸಲಿನಲ್ಲೂ ಇರುತ್ತದೆ. ಇಷ್ಟೆಲ್ಲ ತಲೆನೋವು ಬೇಡವೆಂದರೆ ಕಾರ್ಡು ಪರೀಕ್ಷಿಸುವ ಕಂಪನಿ ಪಿಎಸ್‌ಎಯಂಥವರು ನೋಡಿ, 1ರಿಂದ 10ರೊಳಗೆ ದರ್ಜೆ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ್ದನ್ನೇ ಕೊಳ್ಳಿ. ಅದರ ನಂಬರನ್ನು ಅವರ ಜಾಲತಾಣದಲ್ಲಿ ಹಾಕಿ ನೋಡಿ. ನನ್ನದನ್ನು ನ್ಯೂಜೆರ್ಸಿಯ ಭಾವ ಊರಿಗೆ ಬರುವಾಗ ಕೈಚೀಲದಲ್ಲಿ ಬಿಲ್ಲಿನ ಸಮೇತ ತಂದುಕೊಟ್ಟರು. "ಇದೆಂಥ, ಕ್ರಿಕೆಟಿನವನ?" ಎಂದು ಅಕ್ಕ ಕೇಳಿದಳು. ವಿವರಿಸುವ ಗೋಜಿಗೆ ಹೋಗಲಿಲ್ಲ.

ಕೊಂಡದ್ದು ಸುಲಭದ ಭಾಗ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಆಟಿ ತಿಂಗಳ ಮಳೆ ಬಂತೆಂದರೆ ಚಪ್ಪಲಿಗೂ ಬೂಷ್ಟು, ಹಪ್ಪಳಕ್ಕೂ ಬೂಷ್ಟು. ಪಿಎಸ್‌ಎ ಡಬ್ಬಿಯೊಳಗೆ ಗಾಳಿ ಹೋಗುವುದಿಲ್ಲ ಎಂದು ನಂಬಬೇಡಿ, ತೇವ ನಿಧಾನಕ್ಕೆ ನುಗ್ಗುತ್ತದೆ. ಬಿಡಿ ಕಾರ್ಡಾದರೆ ಮೊದಲು ತೆಳು ಕವರು, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. ಈ ಹಳೇ ಅಳತೆಗೆ ಈಗಿನ ಕಾರ್ಡಿನ ಕವರು ಹಿಡಿಯುವುದಿಲ್ಲ, ವಿಂಟೇಜ್ ಸೈಜ್ ಎಂದೇ ಕೇಳಿ ತರಿಸಿ. ಪಿವಿಸಿ ಹಾಳೆಯ ಆಲ್ಬಮ್ ಬೇಡ. ನಂತರ ರಬ್ಬರ್ ಬಿಗಿಯಿರುವ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ. ಮುಳ್ಳು 45-50 ಶೇಕಡಾದ ಹತ್ತಿರ ನಿಲ್ಲಲಿ. ತೀರಾ ಒಣಗಿದರೂ ಕಾರ್ಡು ಬಾಗುತ್ತದೆ. ಡಬ್ಬ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ಗೋಡೆ ಬೆವರುತ್ತದೆ. ಅಡುಗೆಮನೆಯ ಅಟ್ಟವೂ ಬೇಡ, ಹೊಗೆಗೆ ಬಿಳಿ ಅಂಚು ಹಳದಿಯಾಗುತ್ತದೆ.

ನೀಲಿ ಜೆಲ್ಲಿನ ಹರಳು ಗುಲಾಬಿಗೆ ತಿರುಗಿತೆಂದರೆ ತೇವ ಕುಡಿದು ತುಂಬಿದೆ ಎಂದರ್ಥ. ಹೊರತೆಗೆದು ಹದ ಬಿಸಿಯಲ್ಲಿ ಒಣಗಿಸಿ, ನೀಲಿ ಮರಳಿದ ಮೇಲೆ ಪೂರ್ತಿ ಆರಿಸಿ ಒಳಗಿಡಿ. ಅನ್ನ ಮಾಡುವ ಪಾತ್ರೆಯಲ್ಲಿ ಮಾತ್ರ ಒಣಗಿಸಬೇಡಿ, ಆ ನೀಲಿ ಬಣ್ಣದ ಕೋಬಾಲ್ಟ್ ವಿಷ.